ಜಾಹೀರಾತಿನಲ್ಲಿ ಕಾಣದ ಛೇದ

ಬೈಲಹೊಂಗಲದಿಂದ ಸವದತ್ತಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕುಳಿತವರಿಗೆ ಓದಲು ಪುಸ್ತಕ ಬೇಕಾಗುವುದಿಲ್ಲ. ಊರೊಂದು ಸಮೀಪಿಸಿತೆಂದರೆ ಗೋಡೆಗಳು ತಾವೇ ಓದಿಸಿಕೊಳ್ಳತೊಡಗುತ್ತವೆ. ಸಿಮೆಂಟು, ಹತ್ತಿಯ ಬೀಜ, ಬೆಳೆಗೆ ಸಿಂಪಡಿಸುವ ಔಷಧಿ, ಚಹದ ಪುಡಿ, ಮೊಬೈಲ್ ಸಂಪರ್ಕ ಇವುಗಳ ಹೆಸರುಗಳೆಲ್ಲ ಬಣ್ಣಬಣ್ಣದ ದಪ್ಪಕ್ಷರಗಳಲ್ಲಿ ಕಾಣಬರುತ್ತವೆ. ಹಿಂದೊಮ್ಮೆ ಈ ದಾರಿಯಲ್ಲಿ ಪ್ರಯಾಣ ಮಾಡುತ್ತಿದ್ದಾಗ, ಹೊತ್ತು ಕಳೆಯಲೆಂದು, ಒಂದು ಬೀಜದ ಹೆಸರು ಎಷ್ಟು ಗೋಡೆಗಳ ಮೇಲಿದೆಯೆಂದು ನಾವು ಎಣಿಸಿದೆವು. ಹದಿನೇಳು ಆಯಿತು. ನಮಗೆ ಹೊಲವಿಲ್ಲ, ಬೀಜದ ಅಗತ್ಯವೂ ಇಲ್ಲ. ಆದರೂ ಬಸ್ಸಿನಿಂದ ಇಳಿಯುವ ವೇಳೆಗೆ ಆ ಹೆಸರು ಹಳೆಯ ಪರಿಚಯಸ್ಥರ ಹೆಸರಿನಂತೆ ನಮ್ಮ ಮನಸ್ಸಿನಲ್ಲಿ ಕುಳಿತುಬಿಟ್ಟಿದ್ದಿತು.

ಎಣಿಸಿದುದರಿಂದಲೇ ನೆನಪುಳಿಯಿತೆಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪಣೆ ಯುಕ್ತವಾದುದೇ. ಆದುದರಿಂದ ನಮ್ಮ ಅನುಭವವನ್ನು ಬಿಟ್ಟು ಒಂದು ಪ್ರಯೋಗವನ್ನು ನೋಡೋಣ. 1968ರಲ್ಲಿ ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಝಾಯನ್ಸ್ ಎಂಬವರು ಯಾವ ಅರ್ಥವೂ ಇಲ್ಲದ ಕೆಲವು ಪದಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿದರು. ಕೆಲವನ್ನು ಒಂದೆರಡು ಸಲ, ಕೆಲವನ್ನು ಇಪ್ಪತ್ತೈದು ಸಲ. ಅನಂತರ, “ಈ ಪದದ ಅರ್ಥ ಒಳ್ಳೆಯದಿರಬಹುದೇ, ಕೆಟ್ಟದಿರಬಹುದೇ?” ಎಂದು ಕೇಳಿದರು. ಹೆಚ್ಚು ಸಲ ಕಂಡ ಪದಕ್ಕೆ ಹೆಚ್ಚು ಒಳ್ಳೆಯ ಅರ್ಥವಿರಬೇಕೆಂದು ವಿದ್ಯಾರ್ಥಿಗಳು ಊಹಿಸಿದರು. ಪದದಲ್ಲಿ ಒಳ್ಳೆಯದೂ ಇರಲಿಲ್ಲ, ಕೆಟ್ಟದೂ ಇರಲಿಲ್ಲ. ಕಂಡ ಎಣಿಕೆಯೊಂದೇ ವ್ಯತ್ಯಾಸ. ಗೋಡೆಯ ಮೇಲಿನ ಹೆಸರು ಮಾಡುವ ಕೆಲಸವೂ ಬಹುಮಟ್ಟಿಗೆ ಇದೇ. ಅದು ವಾದ ಹೂಡುವುದಿಲ್ಲ, ಪರಿಚಯ ಮಾಡಿಕೊಳ್ಳುತ್ತದೆ. ಅಂಗಡಿಕಾರನ ಮುಂದೆ ನಿಂತು, “ಯಾವುದು ಕೊಡಲಿ?” ಎಂಬ ಪ್ರಶ್ನೆ ಬಂದಾಗ ನಾಲಿಗೆಗೆ ಮೊದಲು ಬರುವ ಹೆಸರು ಆ ಪರಿಚಯದ ಫಲ.

ಹಾಗೆಂದು ಜಾಹೀರಾತಿಗೆ ಮಾಂತ್ರಿಕ ಶಕ್ತಿಯಿದೆಯೆಂದು ಭ್ರಮಿಸಬೇಕಾಗಿಲ್ಲ. 1957ರಲ್ಲಿ ಜೇಮ್ಸ್ ವಿಕರಿ ಎಂಬ ಅಮೆರಿಕದ ವ್ಯಾಪಾರ ಸಮೀಕ್ಷಕನು, ಚಲನಚಿತ್ರದ ನಡುವೆ ಕಣ್ಣಿಗೆ ಅರಿವಾಗದಷ್ಟು ಅಲ್ಪಕಾಲ ಕೆಲವು ಮಾತುಗಳನ್ನು ಪರದೆಯ ಮೇಲೆ ಮಿಂಚಿಸಿ ಪಾಪ್‌ಕಾರ್ನ್ ಮತ್ತು ಪಾನೀಯದ ಮಾರಾಟವನ್ನು ಹೆಚ್ಚಿಸಿದೆನೆಂದು ಸಾರಿದನು. ಲೋಕವೇ ಬೆಚ್ಚಿಬಿದ್ದಿತು. 1962ರಲ್ಲಿ ತನ್ನ ಬಳಿ ಹೇಳಿಕೊಳ್ಳುವಷ್ಟು ಪುರಾವೆಯಿರಲಿಲ್ಲವೆಂದು ಆತನೇ ಒಪ್ಪಿಕೊಂಡನು. ಜಾಹೀರಾತಿನ ಶಕ್ತಿಯನ್ನು ಕುರಿತ ಆ ಸುದ್ದಿಯೂ ಒಂದು ಜಾಹೀರಾತೇ ಆಗಿದ್ದಿತು! ನಾವು ಶಂಕಿಸಬೇಕಾದುದು ಕಣ್ಣಿಗೆ ಕಾಣದ ಮಿಂಚನ್ನಲ್ಲ. ದಪ್ಪಕ್ಷರದಲ್ಲಿ ಎದುರಿಗೇ ನಿಂತಿರುವ ಅಂಕೆಯನ್ನು.

ವಿದ್ಯಾರ್ಥಿ ಮಿತ್ರರು ಪ್ರಾಥಮಿಕ ಶಾಲೆಯಲ್ಲಿ ಕಲಿತ ಭಿನ್ನರಾಶಿಯನ್ನು ಇಲ್ಲಿ ಒಮ್ಮೆ ನೆನಪಿಸಿಕೊಳ್ಳಬೇಕು. ಗೆರೆಯ ಮೇಲಿರುವುದು ಅಂಶ, ಕೆಳಗಿರುವುದು ಛೇದ. ಛೇದವಿಲ್ಲದೆ ಅಂಶಕ್ಕೆ ಬೆಲೆಯಿಲ್ಲ. ಇಂದಿನ ಜಾಹೀರಾತು ವಿಜ್ಞಾನದಿಂದ ಅಂಕೆಗಳನ್ನು ಎರವಲು ಪಡೆಯುತ್ತದೆ. ಆದರೆ ಅಂಶವನ್ನು ಮಾತ್ರ ಮುದ್ರಿಸಿ ಛೇದವನ್ನು ಅಂಗಡಿಯ ಹಿಂಬದಿಯಲ್ಲಿ ಬಚ್ಚಿಡುತ್ತದೆ. ನಮ್ಮ ದೂರು ಇಷ್ಟೇ.

ವಿದ್ಯಾರ್ಥಿಗಳಿಗೆ ಅತ್ಯಂತ ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಪರೀಕ್ಷೆಗಳ ಫಲಿತಾಂಶ ಬಂದ ಮರುದಿನದಿಂದಲೇ ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಬಸ್ ನಿಲ್ದಾಣಗಳ ಸುತ್ತ ಫ್ಲೆಕ್ಸ್ ಫಲಕಗಳು ಏಳುತ್ತವೆ. ನಗುಮುಖದ ಹುಡುಗ ಹುಡುಗಿಯರ ಭಾವಚಿತ್ರಗಳು, ಕೆಳಗೆ ಅಂಕಗಳು, ಮೇಲೆ ತರಬೇತಿ ಸಂಸ್ಥೆಯ ಹೆಸರು. ನಮ್ಮ ವಿದ್ಯಾರ್ಥಿಯೊಬ್ಬನ ತಂದೆ, ಸವದತ್ತಿ ತಾಲ್ಲೂಕಿನ ರೈತರು, ಅಂತಹ ಸಂಸ್ಥೆಯೊಂದರ ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡು ನಮ್ಮಲ್ಲಿಗೆ ಬಂದರು. ಶುಲ್ಕ ಲಕ್ಷಕ್ಕೂ ಮೀರಿದ್ದಿತು. ಎತ್ತುಗಳನ್ನು ಮಾರುವುದೋ, ಸಾಲ ಮಾಡುವುದೋ ಎಂಬುದಷ್ಟೇ ಅವರಿಗೆ ಉಳಿದಿದ್ದ ಪ್ರಶ್ನೆ. “ಸರ, ಇದರಾಗ ಮೂವತ್ತೆರಡು ಮಂದಿ ಡಾಕ್ಟರ್ ಆಗ್ಯಾರ ನೋಡ್ರಿ. ನಮ್ಮ ಹುಡುಗ ಇವರಕಿಂತ ಏನ್ ಕಡಿಮಿ ಅದಾನ್ರಿ?” ಎಂದು ಕೇಳಿದರು.

ಹುಡುಗನು ಯಾರಿಗೂ ಕಡಿಮೆಯಲ್ಲವೆಂದೆವು. ಅನಂತರ, ಮೂವತ್ತೆರಡು ಎಷ್ಟರಲ್ಲಿ ಎಂದು ಕೇಳಿದೆವು. ಅವರಿಗೆ ನಮ್ಮ ಪ್ರಶ್ನೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಹಿಡಿದುದು ಸಹಜವೇ, ಕರಪತ್ರದಲ್ಲಿ ಅದಕ್ಕೆ ಸ್ಥಳವನ್ನೇ ಬಿಟ್ಟಿರಲಿಲ್ಲ. ನಲವತ್ತು ಮಂದಿಯಲ್ಲಿ ಮೂವತ್ತೆರಡಾದರೆ ಅದೊಂದು ಅದ್ಭುತ ಸಾಧನೆ. ಎರಡು ಸಾವಿರದಲ್ಲಿ ಮೂವತ್ತೆರಡಾದರೆ ನೂರಕ್ಕೆ ಇಬ್ಬರೂ ಆಗಲಿಲ್ಲ. 2024ರಲ್ಲಿ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು ದೇಶದಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ಬರೆದರು, ಎಂ.ಬಿ.ಬಿ.ಎಸ್. ಸ್ಥಾನಗಳು 1 ಲಕ್ಷಕ್ಕಿಂತ ತುಸು ಹೆಚ್ಚು. ಎಂದರೆ ಯಾವ ವಿಶೇಷ ತರಬೇತಿಯ ಮಾತನ್ನೂ ಎತ್ತದೆ, ಬರೆದವರಲ್ಲಿ ಸುಮಾರು ಇಪ್ಪತ್ತಕ್ಕೆ ಒಬ್ಬರಿಗೆ ಸ್ಥಾನ ದೊರೆಯುತ್ತದೆ. ಎರಡು ಸಾವಿರ ಮಂದಿಯ ಸಂಸ್ಥೆಯಲ್ಲಿ ಸರಾಸರಿಯಾಗಿ ನೂರು ಮಂದಿ ದೊರೆಯಬೇಕಾದಲ್ಲಿ ಮೂವತ್ತೆರಡು ದೊರೆತರೆ ಅದನ್ನು ಫಲಕ ಹಾಕಿ ಸಾರಬೇಕೇ, ಮುಚ್ಚಿಡಬೇಕೇ? ಛೇದವನ್ನು ಕಂಡ ಹೊರತು ಹೇಳುವಂತಿಲ್ಲ.

ಇದು ನಮ್ಮ ತಾಲ್ಲೂಕುಗಳಿಗಷ್ಟೇ ಸೇರಿದ ಸಂಗತಿಯೂ ಅಲ್ಲ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಉತ್ತೀರ್ಣರಾದ ಒಬ್ಬನೇ ಅಭ್ಯರ್ಥಿಯನ್ನು ಹಲವು ಸಂಸ್ಥೆಗಳು ತಮ್ಮವನೆಂದು ಸಾರಿಕೊಂಡುದನ್ನು, ಹಲವರು ಕೇವಲ ಸಂದರ್ಶನದ ಉಚಿತ ಮಾರ್ಗದರ್ಶನಕ್ಕೆ ಬಂದವರೆಂಬುದನ್ನು ಮರೆಮಾಡಿದುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ವಿಚಾರಣೆಯಲ್ಲಿ ಕಂಡುಕೊಂಡಿತು. 2024ರ ನವೆಂಬರಿನಲ್ಲಿ ಅದು ತರಬೇತಿ ಸಂಸ್ಥೆಗಳ ಜಾಹೀರಾತಿಗೆಂದೇ ಮಾರ್ಗಸೂಚಿಗಳನ್ನು ಹೊರಡಿಸಿತು. ವಿದ್ಯಾರ್ಥಿಯ ಭಾವಚಿತ್ರ ಹಾಕಬೇಕಾದರೆ, ಆಯ್ಕೆಯಾದ ಮೇಲೆ ಆತನ ಲಿಖಿತ ಒಪ್ಪಿಗೆ ಬೇಕು. ಆತನು ಓದಿದ ತರಬೇತಿ ಯಾವುದು, ಎಷ್ಟು ಕಾಲದ್ದು, ಶುಲ್ಕ ಕೊಟ್ಟು ಓದಿದನೇ ಎಂಬುದನ್ನು ತಿಳಿಸಬೇಕು. ನಿಯಮ ಒಳ್ಳೆಯದು. ಅದನ್ನು ಬಸ್ ನಿಲ್ದಾಣದ ಫಲಕದ ಪಕ್ಕದಲ್ಲಿ ಓದಿ ಹೇಳುವವರು ಬೇಕಷ್ಟೆ.

ಇನ್ನೊಂದು ಅಂಕೆ ಎಲ್ಲರ ಮನೆಯ ಬಚ್ಚಲಿನಲ್ಲಿಯೇ ಇದೆ: “99.9 ಪ್ರತಿಶತ ಕ್ರಿಮಿಗಳ ನಾಶ.” ಇದು ಸುಳ್ಳೆಂದು ನಾವು ಹೇಳುತ್ತಿಲ್ಲ. ಪ್ರಯೋಗಾಲಯದಲ್ಲಿ, ನಿಗದಿಯಾದ ಕ್ರಿಮಿಗಳ ಮೇಲೆ, ನಿಗದಿಯಾದ ಕಾಲ ದ್ರಾವಣವನ್ನು ಬಿಟ್ಟು ಅಳೆದರೆ ಈ ಅಂಕೆ ದೊರೆಯಬಹುದು. ಆದರೆ ಲೆಕ್ಕವನ್ನು ಮುಂದುವರಿಸಿ ನೋಡಿರಿ. ಹತ್ತು ಲಕ್ಷ ಕ್ರಿಮಿಗಳಿದ್ದರೆ ಉಳಿಯುವುವು ಸಾವಿರ. ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಅನುಕೂಲ ಪರಿಸ್ಥಿತಿಯಲ್ಲಿ ಸುಮಾರು ಇಪ್ಪತ್ತು ನಿಮಿಷಗಳಿಗೊಮ್ಮೆ ಇಬ್ಬಗೆಯಾಗುತ್ತದೆ. ಸಾವಿರವು ಎರಡು ಸಾವಿರವಾಗಿ, ನಾಲ್ಕು ಸಾವಿರವಾಗಿ, ಹತ್ತು ಸಲ ಇಮ್ಮಡಿಸಿದರೆ 1024 ಪಟ್ಟು. ಮರಳಿ ಹತ್ತು ಲಕ್ಷ. ತಗಲುವ ಕಾಲ ಇನ್ನೂರು ನಿಮಿಷ, ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷ. ಬಚ್ಚಲಿನಲ್ಲಿ ಅಷ್ಟು ಅನುಕೂಲ ಸದಾ ಇರುವುದಿಲ್ಲವೆಂಬುದು ನಿಜ. ಆದರೂ ನಾಲ್ಕನೆಯ ಒಂಬತ್ತನ್ನು ಸೇರಿಸಲು ಸ್ಪರ್ಧಿಸುವ ಜಾಹೀರಾತುಗಳನ್ನು ಕಂಡಾಗ ಈ ಲೆಕ್ಕ ನಮಗೆ ನೆನಪಾಗುತ್ತದೆ. ಸಾದಾ ಸಾಬೂನಿನಿಂದ ದಿನಕ್ಕೆ ಹಲವು ಬಾರಿ ಕೈ ತೊಳೆಯುವವನು ಒಂಬತ್ತುಗಳನ್ನು ಎಣಿಸಬೇಕಾಗಿಲ್ಲ.

ಹತ್ತಿಯ ಬೀಜಕ್ಕೆ ಮರಳೋಣ. ಬೈಲಹೊಂಗಲದ ಎರೆಭೂಮಿಯವರಿಗೆ ಇದು ಆಟದ ಮಾತಲ್ಲ. ಒಂದು ಬಿತ್ತನೆ ತಪ್ಪಿದರೆ ಒಂದು ವರ್ಷವೇ ತಪ್ಪಿದಂತೆ. ಬಿ.ಟಿ. ಹತ್ತಿಗೆ ನಮ್ಮ ದೇಶದಲ್ಲಿ 2002ರಲ್ಲಿ ಅನುಮತಿ ದೊರೆಯಿತು. ಹತ್ತೇ ವರ್ಷಗಳಲ್ಲಿ ಅನುಮತಿ ಪಡೆದ ಸಂಕರ ತಳಿಗಳ ಸಂಖ್ಯೆ ಸಾವಿರವನ್ನು ಮೀರಿತು. ಹೆಸರುಗಳು ಸಾವಿರವಾದರೂ ಕಾಯಿಕೊರಕವನ್ನು ತಡೆಯಲೆಂದು ಅವುಗಳಲ್ಲಿ ಸೇರಿಸಿದ ಜೀನುಗಳು ಕೈಬೆರಳೆಣಿಕೆಯವು. 2015ರ ಆದೇಶದ ಪ್ರಕಾರ ಪೊಟ್ಟಣದ ಗರಿಷ್ಠ ಬೆಲೆಯನ್ನು ಕೇಂದ್ರ ಸರ್ಕಾರವೇ ನಿಗದಿಮಾಡುತ್ತ ಬಂದಿದೆ. ಜೀನು ಬಹುಪಾಲು ಒಂದೇ, ಬೆಲೆಯ ಮಿತಿಯೂ ಒಂದೇ ಆದಮೇಲೆ ಮಾರುವವರು ಪೈಪೋಟಿ ನಡೆಸುವುದು ಯಾವುದರಲ್ಲಿ? ಗೋಡೆಯಲ್ಲಿ, ಚಿತ್ರದಲ್ಲಿ, “ಎಕರೆಗೆ ಇಷ್ಟು ಕ್ವಿಂಟಲ್” ಎಂಬ ಅಂಕೆಯಲ್ಲಿ. ತಳಿಗಳಲ್ಲಿ ವ್ಯತ್ಯಾಸವೇ ಇಲ್ಲವೆಂದು ನಮ್ಮ ಅಭಿಪ್ರಾಯವಲ್ಲ; ಅವಧಿ, ಕಾಯಿಯ ಗಾತ್ರ, ರಸಹೀರುವ ಕೀಟಗಳನ್ನು ತಾಳುವ ಗುಣ ಬೇರೆಯಾಗಿರುತ್ತವೆ. ಆದರೆ ಫಲಕದ ಮೇಲೆ ಹತ್ತಿಯ ರಾಶಿಯ ಮುಂದೆ ನಿಂತ ಆ ರೈತರ ಹೊಲಕ್ಕೆ ಮಲಪ್ರಭೆಯ ಕಾಲುವೆಯ ನೀರಿದ್ದಿತೇ, ಇಲ್ಲವೇ ಅದು ಮಳೆಯನ್ನೇ ನಂಬಿದ ಎರೆಹೊಲವೇ? ಅದೇ ಬೀಜ ಬಿತ್ತಿದ ನೂರು ರೈತರಲ್ಲಿ ಅವರು ಎಷ್ಟನೆಯವರು? ಒಬ್ಬರ ಉತ್ತಮ ಇಳುವರಿ ಒಂದು ಅಂಶ. ನೂರು ಹೊಲಗಳ ಇಳುವರಿ ತಿಳಿದರೆ ಮಾತ್ರ ಅದೊಂದು ಮಾಹಿತಿ.

ಹಿಂದೆ ಮಾರಾಟವೆಂಬುದು ಬಹಳ ಪ್ರಾಮಾಣಿಕವಾಗಿದ್ದಿತೆಂದು ಹೇಳುವವರ ಗುಂಪಿಗೆ ನಾವು ಸೇರಿದವರಲ್ಲ. ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಯಲ್ಲಮ್ಮನ ಗುಡ್ಡಕ್ಕೆ ಹೋದವರೆಲ್ಲ ಬಲ್ಲರು: ಅಲ್ಲಿ ಕೂಗಿ ಮಾರುವವರ ಬಾಯಲ್ಲಿ ಒಡೆಯದ ಬಳೆ, ಬಣ್ಣ ಬಿಡದ ಬಟ್ಟೆ, ಎಲ್ಲ ನೋವಿಗೂ ಒಂದೇ ಎಣ್ಣೆ! ಆದರೆ ಜಾತ್ರೆಯ ಮಾರಾಟಗಾರನಿಗೂ ಫಲಕಕ್ಕೂ ಒಂದು ವ್ಯತ್ಯಾಸವುಂಟು. ಅವನನ್ನು ತಿರುಗಿ ಕೇಳಬಹುದು. ನಮ್ಮ ಹೆಣ್ಣುಮಕ್ಕಳು ಬಳೆಯನ್ನು ಬಳೆಗೆ ತಟ್ಟಿ ಸಪ್ಪಳ ಕೇಳುತ್ತಾರೆ, ಸೀರೆಯ ಸೆರಗನ್ನು ಒದ್ದೆ ಬೆರಳಿನಿಂದ ತಿಕ್ಕಿ ನೋಡುತ್ತಾರೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾವು ಭೌತಶಾಸ್ತ್ರದ ಮೊದಲನೆಯ ತರಗತಿಯಲ್ಲಿ ಹೇಳುತ್ತೇವೆ. ಅವರು ಅದನ್ನು ಜಾತ್ರೆಯಲ್ಲಿ ಆಚರಿಸುತ್ತಾರೆ. ಅದೇ ಮಹಿಳೆಯರು ಪೊಟ್ಟಣದ ಮುಂದೆ ನಿಂತಾಗ ಪ್ರಮಾಣಿಸುವ ಉಪಾಯ ಕಾಣದೆ, ಕಂಡ ಹೆಸರನ್ನೇ ನೆಚ್ಚುತ್ತಾರೆ. ಇದರಿಂದ ನಷ್ಟ ಕೊಳ್ಳುವವರಿಗಷ್ಟೇ ಅಲ್ಲ. ರಾಮದುರ್ಗದಲ್ಲಿ ಕೈಮಗ್ಗದ ಸೀರೆ ನೇಯುವವರಿಗೆ ಬರೆಯಿಸಲು ಗೋಡೆಯಿಲ್ಲ, ನಗಲು ನಟಿಯಿಲ್ಲ. ಸರಕು ಚೆನ್ನಾಗಿದ್ದೂ ಪರಿಚಯವಿಲ್ಲದ ಕಾರಣಕ್ಕೆ ಅವರದು ಅಂಗಡಿಯ ಮೂಲೆಗೆ ಸರಿಯುತ್ತದೆ.

ಪೊಟ್ಟಣವನ್ನು ತಟ್ಟಿ ನೋಡುವ ಉಪಾಯವಿಲ್ಲವೇ? ಉಂಟು, ಅದು ಭಾಗಾಕಾರ. ಪೊಟ್ಟಣದ ಸರಕಿನ ನಿಯಮಗಳನ್ನು 2021ರಲ್ಲಿ ತಿದ್ದಿ, ಒಟ್ಟು ಬೆಲೆಯೊಡನೆ ಗ್ರಾಮಿಗೋ ಮಿಲಿಲೀಟರಿಗೋ ಎಷ್ಟು ಬೆಲೆಯೆಂಬುದನ್ನೂ ಮುದ್ರಿಸಬೇಕೆಂದು ವಿಧಿಸಲಾಯಿತು. ಸಣ್ಣಕ್ಷರದಲ್ಲಿರುತ್ತದೆ, ಆದರೆ ಇರುತ್ತದೆ. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗವೆಂಬ ನಂಬಿಕೆಯನ್ನೂ ಇದರಿಂದ ಪರೀಕ್ಷಿಸಬಹುದು. ಶಾಂಪೂವಿನಲ್ಲಿ ಅನೇಕ ವೇಳೆ ರೂಪಾಯಿಯ ಪುಟ್ಟ ಚೀಟಿಯೇ ಸೀಸೆಗಿಂತ ಅಗ್ಗ. ಛಾವಣಿಯ ಪಂಖಗಳಿಗೆ 2023ರ ಜನವರಿಯಿಂದ ನಕ್ಷತ್ರದ ಪಟ್ಟಿ ಕಡ್ಡಾಯವಾಗಿದೆ. ಜಾಹೀರಾತು “ಬಿರುಗಾಳಿಯಂತಹ ಗಾಳಿ” ಎನ್ನುತ್ತದೆ. ಪಟ್ಟಿಯಾದರೋ ಒಂದು ವಾಟಿಗೆ ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಎಂದು ತಿಳಿಸುತ್ತದೆ. ಅಂಶವೂ ಇದೆ, ಛೇದವೂ ಇದೆ! ಹಳೆಯ ಬಗೆಯ ಪಂಖ ಸುಮಾರು 75 ವಾಟ್, ಹೊಸ ಬಗೆಯ ಮೋಟಾರಿನದು ಸುಮಾರು 30. ದಿನಕ್ಕೆ ಹತ್ತು ಗಂಟೆ ತಿರುಗಿದರೆ ವರ್ಷಕ್ಕೆ ಉಳಿಯುವ ವಿದ್ಯುತ್ತು 164 ಯೂನಿಟ್ಟುಗಳಷ್ಟು. ಈ ಗುಣಾಕಾರವನ್ನು ಅಂಗಡಿಯಲ್ಲಿ ನಿಂತೇ ಮಾಡಬಹುದು.

ಕಾನೂನಿನ ಮಾತನ್ನು ಚಿಕ್ಕದಾಗಿ ಮುಗಿಸುವೆವು. ಮಾಂತ್ರಿಕ ಔಷಧಿಗಳ ಜಾಹೀರಾತನ್ನು ನಿಷೇಧಿಸುವ ಕಾಯಿದೆ 1954ರಿಂದಲೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಲ್ಲದು. 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಯಾರು ಬೇಕಾದರೂ ದೂರು ಹೇಳಬಹುದು. ಮೊಬೈಲಿನಲ್ಲಿ “ಇನ್ನು ಎರಡೇ ಉಳಿದಿವೆ” ಎಂದು ಸುಳ್ಳು ಅವಸರಪಡಿಸುವುದೇ ಮೊದಲಾದ ಹದಿಮೂರು ಉಪಾಯಗಳನ್ನು 2023ರ ಮಾರ್ಗಸೂಚಿಗಳು ನಿಷೇಧಿಸಿವೆ. ಆದರೆ ಕಾನೂನು ಶಿಕ್ಷಿಸುವುದು ಸುಳ್ಳನ್ನು. ಛೇದವಿಲ್ಲದ ಅಂಶ ಎಷ್ಟೋ ವೇಳೆ ಸುಳ್ಳೇ ಆಗಿರುವುದಿಲ್ಲ. ಮೂವತ್ತೆರಡು ಮಂದಿ ನಿಜವಾಗಿಯೂ ಆಯ್ಕೆಯಾಗಿರುತ್ತಾರೆ, ಆ ರೈತರು ನಿಜವಾಗಿಯೂ ಅಷ್ಟು ಬೆಳೆದಿರುತ್ತಾರೆ. ಅದನ್ನು ಕೇಳುವ ಕೆಲಸ ಕೊಳ್ಳುವವರದೇ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಪೊಟ್ಟಣದ ಸಣ್ಣಕ್ಷರವನ್ನು ಓದಬಲ್ಲವರು ಶಾಲೆ ಕಾಲೇಜಿಗೆ ಹೋಗುವ ಮಕ್ಕಳೇ ಆದುದರಿಂದ, ಆ ಕೆಲಸ ಅವರದಾಗುತ್ತದೆ.

ಆ ರೈತರು ನಮ್ಮ ಪ್ರಶ್ನೆಯನ್ನು ಹೊತ್ತು ತರಬೇತಿ ಸಂಸ್ಥೆಯ ಕಚೇರಿಗೆ ಹೋದರು. ಎಷ್ಟರಲ್ಲಿ ಮೂವತ್ತೆರಡು ಎಂದು ಕೇಳಿದುದಕ್ಕೆ, ಅಲ್ಲಿಯವರು ಚಹ ತರಿಸಿಕೊಟ್ಟು, ಹಿಂದಿನದಕ್ಕಿಂತ ದಪ್ಪ ಕಾಗದದ ಇನ್ನೊಂದು ಕರಪತ್ರವನ್ನು ಕೈಗಿತ್ತರಂತೆ. ಅದರಲ್ಲಿ ನಲವತ್ತೊಂದು ಮಂದಿಯ ಭಾವಚಿತ್ರಗಳಿದ್ದುವು. ಎತ್ತುಗಳ ವಿಚಾರ ಇನ್ನೂ ತೀರ್ಮಾನವಾಗಿಲ್ಲ.

ಪರರನ್ನು ದೂರುವಾಗ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕಷ್ಟೆ. ನಾವು ಪಾಠ ಹೇಳುವ ಕಾಲೇಜೂ ಪ್ರತಿವರ್ಷ ಪ್ರವೇಶದ ಕಾಲಕ್ಕೆ ಒಂದು ಫಲಕವನ್ನು ಹಾಕುತ್ತದೆ. ಪ್ರಥಮ ಶ್ರೇಣಿಯವರ ಸಂಖ್ಯೆಯ ಪಕ್ಕದಲ್ಲಿ ಪರೀಕ್ಷೆ ಬರೆದವರ ಸಂಖ್ಯೆಯನ್ನೂ ಮುದ್ರಿಸಬೇಕೆಂದು ನಾವು ಸಭೆಯಲ್ಲಿ ಸೂಚಿಸಿದೆವು. ಸೂಚನೆಯನ್ನು ಎಲ್ಲರೂ ಮೆಚ್ಚಿದರು. ಫಲಕದಲ್ಲಿ ಸ್ಥಳ ಸಾಲುವುದೋ ಇಲ್ಲವೋ ಎಂದು ಮುದ್ರಕನನ್ನು ಕೇಳಿ ನೋಡಬೇಕೆಂದು ನಿರ್ಣಯವಾಯಿತು. ಭಾವಚಿತ್ರಗಳನ್ನು ಎರಡಂಗುಲ ಕಿರಿದು ಮಾಡಿದರೆ ಸಾಲುತ್ತದೆಂದು ಅಳೆದು, ನಕ್ಷೆಯನ್ನು ಬರೆದು, ಕಚೇರಿಗೆ ಕೊಟ್ಟಿದ್ದೇವೆ.