ಹಾಸಿಗೆ ಲೆಕ್ಕವೇ ಕಾಯಿಲೆ ಲೆಕ್ಕವೆ?

ಕೊರೋನಾ ಮಕ್ಕಳನ್ನು ಅಷ್ಟಾಗಿ ಕಾಡಲಿಲ್ಲ ಅನ್ನೋದು ಅಂಗಡಿ ಕಟ್ಟೆಯ ಮಾತು. ಅಮೆರಿಕದ ಅಂಕಿಅಂಶ ಬೇರೆಯೇ ಹೇಳುತ್ತದೆ. 2020ರ ಮಾರ್ಚಿನಲ್ಲಿ ಶಾಲೆಗಳಿಗೆ ಬೀಗ ಬಿತ್ತು. ಮನೋರೋಗವೆಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬರುವ ಮಕ್ಕಳ ಸಂಖ್ಯೆ ಮೊದಲು ಇಳಿಯಿತು. ವಾಸಿಯಾಯ್ತು ಅಂತಲ್ಲ ಸ್ವಾಮಿ, ಮುಖ ನೋಡಿ ಗುರುತಿಸೋ ಮೇಷ್ಟ್ರೇ ಎದುರಿಗಿರಲಿಲ್ಲ! 2021ರ ಫೆಬ್ರವರಿ-ಮಾರ್ಚಿನ ಹೊತ್ತಿಗೆ ನಿಜಸ್ಥಿತಿ ಬಯಲಾಯಿತು. ಆತ್ಮಹತ್ಯೆ ಯತ್ನದ ಶಂಕೆಯಲ್ಲಿ ಬಂದ 12ರಿಂದ 17 ವರ್ಷದ ಹುಡುಗಿಯರ ಸಂಖ್ಯೆ 2019ರ ಅದೇ ಅವಧಿಗಿಂತ ಶೇ. 51ರಷ್ಟು ಹೆಚ್ಚಿತ್ತು, ಹುಡುಗರದು ಶೇ. 4 ಮಾತ್ರ. ಒಳರೋಗಿಯಾಗಲು ಹಾಸಿಗೆ ಸಿಗದೆ ಎಷ್ಟೋ ಮಕ್ಕಳು ತುರ್ತು ವಿಭಾಗದಲ್ಲೇ ದಿನಗಟ್ಟಲೆ ಕಾದರು. ದಾಖಲಾತಿ ಪಟ್ಟಿ ನೋಡಿ ಕಾಯಿಲೆ ಅಳೆದರೆ ಇವರೆಲ್ಲ ಲೆಕ್ಕಕ್ಕೇ ಸಿಗೋಲ್ಲ.

ನಮ್ಮಲ್ಲಿ 2022ರ ಅಕ್ಟೋಬರಿನಲ್ಲಿ, ನಿಮ್ಹಾನ್ಸ್ ಮುಂದಾಳತ್ವದ ಟೆಲಿ-ಮಾನಸ್ ಸಹಾಯವಾಣಿ ಶುರುವಾಯಿತು: 14416. ಕರೆಗೆ ಕಾಸಿಲ್ಲ. ನಂಬರನ್ನು ಗಲ್ಲಾ ಪೆಟ್ಟಿಗೆ ಪಕ್ಕ ಬರೆದಿಡಿ, ಗಿರಾಕಿಗಳಿಗೂ ಕಾಣಲಿ.