ಪಿಕಪ್‌ನಲ್ಲಿ ಕೂಸು ಮಡಿಲಲ್ಲಿ ಅಲ್ಲ, ತನ್ನ ಸೀಟಿನಲ್ಲಿ ಕೂಡಬೇಕು

ನಮ್ಮ ಖಟಕ ಚಿಂಚೋಳಿ ಕಡೆ ಪಿಕಪ್ ಅಂದ್ರೆ ಬರೀ ಮಾಲು ಹೊರುವ ಗಾಡಿ ಅಲ್ಲ. ಮುಂಜಾನೆ ಸೋಯಾ, ತೊಗರಿ ಚೀಲ ಹಾಕೊಂಡು ಭಾಲ್ಕಿಗೆ ಹೋಗ್ತದ. ಸಂಜಿಗೆ ಅದೇ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ದವಾಖಾನೆಗೆ, ಮದುವೆಗೆ, ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಹೋಗ್ತೀವಿ. ಬೇರೆ ಕಾರು ಎಲ್ಲಿಂದ ತರೋದು?

ಹೋದ ವರ್ಷ ಭಾಲ್ಕಿಯಿಂದ ವಾಪಸ್ ಬರುವಾಗ ಒಂದು ಎಮ್ಮೆ ಅಡ್ಡ ಬಂತು. ಗಾಡಿ ಜೋರಿರಲಿಲ್ಲ, ನಲವತ್ತರ ಒಳಗೇ ಇತ್ತು. ಬ್ರೇಕ್ ಹೊಡೆದೆ. ನಮ್ಮ ಅವ್ವನ ಮಡಿಲಲ್ಲಿದ್ದ ಎರಡು ವರ್ಷದ ಮಗಳ ಹಣೆ ಹೋಗಿ ಡ್ಯಾಶ್‌ಬೋರ್ಡಿಗೆ ಬಡೀತು. ಮೂರು ಹೊಲಿಗೆ. ಎಮ್ಮೆಗೆ ಏನೂ ಆಗಲಿಲ್ಲ. ಅವ್ವ ಇವತ್ತಿಗೂ "ನಾ ಗಟ್ಟಿ ಹಿಡದಿದ್ದೆನಪಾ" ಅಂತಾಳ. ಹಿಡಿದದ್ದು ಖರೆ. ತಪ್ಪು ಆಕೆಯದಲ್ಲ, ನನ್ನದು.

ಯಾಕಂದ್ರೆ ಇದು ಕೈಯ ಬಲದ ಮಾತೇ ಅಲ್ಲ. ಗಂಟೆಗೆ 40 ಕಿ.ಮೀ. ಓಡುವ ಗಾಡಿ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ 11 ಕೆ.ಜಿ. ಕೂಸು ಕೈಯಲ್ಲಿ ಒಂದು ಕ್ವಿಂಟಲ್ ಮೀರಿ ಜಗ್ಗುತ್ತದೆ. ಕ್ವಿಂಟಲ್ ತೊಗರಿ ಚೀಲ ಗಾಡಿಯಿಂದ ಜಾರಿದಾಗ ಒಂದೇ ಕೈಯಲ್ಲಿ ಹಿಡಿದವರು ಯಾರಾದ್ರೂ ಇದ್ದೀರಾ? ಅದಕ್ಕಿಂತ ಕೆಟ್ಟದ್ದು, ಕೂಸನ್ನೂ ಸೇರಿಸಿ ಒಂದೇ ಬೆಲ್ಟ್ ಹಾಕಿಕೊಳ್ಳೋದು. ಆಗ ದೊಡ್ಡವರ ಮೈಭಾರವೆಲ್ಲ ಕೂಸಿನ ಮೇಲೆ ಬೀಳ್ತದ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮು, 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕರೆದೊಯ್ದರೆ 1000 ರೂಪಾಯಿ ದಂಡ ಅಂತದ. ನಮ್ಮ ಕಡೆ ಈ ದಂಡ ಕಟ್ಟಿದವರನ್ನು ನಾನಂತೂ ನೋಡಿಲ್ಲ. ದಂಡದ ಹೆದರಿಕೆಗೆ ಮಾಡೋ ಕೆಲಸ ಅಲ್ಲ ಬಿಡಿ.

ನಮ್ಮ ಸೀಟು ಹೈದರಾಬಾದಿನಲ್ಲಿರುವ ಭಾವನವರದು. ಹಳೇದು ತಗೊಂಡ್ರೆ ಮೊದಲು ಕೇಳಬೇಕಾದ್ದು, ಅದು ಅಪಘಾತವಾದ ಗಾಡಿಯಲ್ಲಿತ್ತಾ ಅಂತ. ಇತ್ತು ಅಂದ್ರೆ ಬ್ಯಾಡ. ಹಿಂದೆ ಅಂಟಿಸಿದ ಚೀಟಿಯಲ್ಲಿ ಎಷ್ಟು ತೂಕದ ಮಕ್ಕಳಿಗೆ, ಎಂಥ ಬೆಲ್ಟಿಗೆ ಅಂತ ಬರೆದಿರ್ತದ, ಓದಿ.

ಕೂಡಿಸೋಕೆ ಹೋದಾಗ ನಮ್ಮ ಪಿಕಪ್ ಬೆಲ್ಟು ಧೂಳು ಕುಡಿದು ಅರ್ಧಕ್ಕೇ ಸಿಕ್ಕಿತ್ತು, ಬಕಲ್ ಸೀಟಿನ ಸಂದಿಯಲ್ಲಿ ಹೂತುಹೋಗಿತ್ತು. ನಿಮ್ಮದೂ ಹಂಗೇ ಇರಬಹುದು, ಇವತ್ತೇ ನೋಡಿ. ಕಿಟಕಿ ಕಡೆಯ ಹೆಗಲ ಮೇಲಿಂದ ಬರುವ ಬೆಲ್ಟೇ ಬೇಕು. ನಡುವಿನ ಜಾಗದಲ್ಲಿ ಬರೀ ಸೊಂಟದ ಬೆಲ್ಟಿದ್ದರೆ ಬಹಳಷ್ಟು ಸೀಟುಗಳು ಅಲ್ಲಿ ನಡೆಯೋದಿಲ್ಲ. ಕೆಳಗೆ ಚಾದರ, ಗೋಣಿಚೀಲ ಹಾಸಬೇಡಿ. ಬೆಲ್ಟನ್ನು ಸೀಟಿನ ಮೇಲೆ ಗುರುತು ಮಾಡಿದ ದಾರಿಯಲ್ಲೇ ತೂರಿಸಿ, ಸೀಟಿನೊಳಗೆ ಮೊಣಕಾಲೂರಿ ಭಾರ ಹಾಕಿ, ಸಡಿಲ ಇರೋದನ್ನೆಲ್ಲ ಎಳೆದು ಬಿಗಿ ಮಾಡಿ. ಆಮೇಲೆ ಬೆಲ್ಟ್ ಹಾದುಹೋದ ಜಾಗದಲ್ಲೇ ಹಿಡಿದು ಅಲ್ಲಾಡಿಸಿ. ಒಂದು ಇಂಚಿಗಿಂತ ಜಾಸ್ತಿ ಅತ್ತಿತ್ತ ಸರಿದರೆ ಬಿಚ್ಚಿ ಮತ್ತೆ ಹಾಕಿ. ನಾನು ನಾಲ್ಕು ಸಲ ಬಿಚ್ಚಿದೆ. ಚೀಲ ಕಟ್ಟೋ ಹಗ್ಗದಿಂದ ಬಿಗಿದು "ಆಯ್ತು" ಅನ್ನೋರೂ ಇದ್ದಾರ, ಅದು ಆಗಿಲ್ಲ.

ಹಿಂಮುಖವಾಗಿ ಕೂಡಿಸುವ ಸಣ್ಣ ಕೂಸಿನ ಸೀಟನ್ನು, ಎದುರಿಗೆ ಏರ್‌ಬ್ಯಾಗ್ ಇದ್ದರೆ ಅಲ್ಲಿ ಇಡಲೇಬಾರದು. ಏರ್‌ಬ್ಯಾಗ್ ಬಿಚ್ಚಿದರೆ ನೇರ ಕೂಸಿನ ತಲೆಯ ಹಿಂದೆಯೇ ಹೊಡೀತದ.

ಕೂಸಿನ ಪಟ್ಟಿ ಹೆಗಲ ಹತ್ತಿರ ಬೆರಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು, ಅಷ್ಟು ಬಿಗಿ ಇರಬೇಕು. ಎಳ್ಳ ಅಮಾವಾಸ್ಯೆ ಹೊತ್ತಿಗೆ ನಮ್ಮ ಬೀದರ್ ಚಳಿ ನಿಮಗೆ ಗೊತ್ತೇ ಅದ. ದಪ್ಪ ಸ್ವೆಟರ್ ಮೇಲೆ ಪಟ್ಟಿ ಹಾಕಿದರೆ ಒಳಗೆ ಸಡಿಲ ಉಳೀತದ. ಸ್ವೆಟರ್ ತೆಗೆದು, ಪಟ್ಟಿ ಬಿಗಿದು, ಮೇಲಿಂದ ಚಾದರ ಹೊದಿಸಿ. ಕ್ಯಾಬಿನ್‌ನಲ್ಲಿ ಬಿದ್ದಿರುವ ಪಾನಾ, ಜಾಕ್ ಎತ್ತಿಡಿ, ಗುದ್ದಿದಾಗ ಅವೂ ಹಾರ್ತಾವ. ಕೀಟನಾಶಕದ ಬಾಟಲಿಯನ್ನಂತೂ ಕೂಸಿನ ಜೊತೆ ಕ್ಯಾಬಿನ್‌ನಲ್ಲಿ ಇಡೋದೇ ತಪ್ಪು.

ಸೀಟು ಬಂದ ಮೇಲೆ ಮನೆಯಲ್ಲಿ ಜಗಳ ಶುರುವಾಯ್ತು. ಮುಂದೆ ನಾನು, ಕೂಸಿನ ಸೀಟು, ಹೆಂಡತಿ, ಅಷ್ಟಕ್ಕೇ ಜಾಗ ಭರ್ತಿ. ಅವ್ವ "ನಾ ಹಿಂದ್ ಡಬ್ಬಿನ್ಯಾಗ ಕೂಡ್ತೀನಿ" ಅಂದಳು. ಮಾಲಿನ ಡಬ್ಬಿಯಲ್ಲಿ ಮಂದಿ ಕೂಡೋದು ಇನ್ನೂ ಅಪಾಯ, ಕಾನೂನಿಗೂ ವಿರುದ್ಧ. ಕಡೆಗೆ ಎಳ್ಳ ಅಮಾವಾಸ್ಯೆ ದಿನ ಹೊಲಕ್ಕೆ ಎರಡು ಸಲ ಗಾಡಿ ಓಡಿಸಿದೆ. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಗಡಿಗೆ ತಗೊಂಡು ಅವ್ವ ಮೊದಲನೇ ಸಲವೇ ಹೋದಳು. ಹೊಲ ಮೂರು ಕಿಲೋಮೀಟರ್. ಎರಡನೇ ಸಲಕ್ಕೆ ಎಷ್ಟು ಡೀಸೆಲ್ ಹತ್ತಿತು ಅಂತ ಕಾಕಾ ನಗ್ತಾ ಕೇಳಿದ್ರು. ಅರ್ಧ ಲೀಟರೂ ಇಲ್ಲ ಕಾಕಾ ಅಂದೆ.