ಬೇಲಿಯಾಚೆಯ ಹಕ್ಕಿ

ಜನವರಿಯ ಒಂದು ದಿನ ಆರ್ಪಿಂಗ್ಟನ್ನಿನಿಂದ ಬಸ್ಸು ಹಿಡಿದು ಡೌನ್ ಹಳ್ಳಿಗೆ ಹೋಗಿ, ಅಲ್ಲಿಂದ ಕಡಮ್ ಕಡೆಯ ಕಿರುದಾರಿಗಳಲ್ಲಿ ಹಗಲಿಡೀ ಹಕ್ಕಿ ನೋಡುತ್ತ ನಡೆದೆ. ಆಡಳಿತದ ಲೆಕ್ಕದಲ್ಲಿ ಇದು ಲಂಡನ್ನೇ, ಬ್ರಾಮ್ಲಿ ಬರೋಗೆ ಸೇರಿದ್ದು. ಕಣ್ಣಿಗೆ ಕಾಣುವುದು ಮಾತ್ರ ಹೊಲ, ಬೇಲಿ, ಹೆಪ್ಪುಗಟ್ಟಿದ ಕೆಸರು. ಹಾಥಾರ್ನ್ ಪೊದೆಗಳಲ್ಲಿ ಅಳಿದುಳಿದ ಕೆಂಪು ಹಣ್ಣುಗಳಿಗೆ ರೆಡ್‌ವಿಂಗ್‌ಗಳು ಮುತ್ತಿದ್ದವು. ಸ್ಕ್ಯಾಂಡಿನೇವಿಯಾದ ಚಳಿಗಾಲದಿಂದ ತಪ್ಪಿಸಿಕೊಂಡು ಬರುವ ಅವಕ್ಕೆ ಇಂಗ್ಲೆಂಡೇ ಬೆಚ್ಚಗಿನ ನಾಡು. ನೆತ್ತಿಯ ಮೇಲೆ ನಮ್ಮೂರಿನ ಗಿಳಿಗಳು ಅದೇ ಕರ್ಕಶ ದನಿಯಲ್ಲಿ ಹಾದುಹೋದವು. ವಲಸೆಯ ರೂಪಕವನ್ನು ನಾವು ಸಾಕಷ್ಟು ಸವೆಸಿದ್ದೇವೆ, ಅದು ಇಲ್ಲಿ ಬೇಡ. ನನ್ನ ಮಾತು ಬೇಲಿಯ ಕುರಿತು.

ಒಂದು ತಿರುವಿನಲ್ಲಿ ಹಕ್ಕಿಗಳ ಹಿಂಡು ಬೇಲಿ ದಾಟಿ ಹೊಲಕ್ಕಿಳಿಯಿತು. ಗೇಟಿನ ಮೇಲೆ 'ಖಾಸಗಿ' ಎಂಬ ಫಲಕ. ರಸ್ತೆಯಲ್ಲೇ ನಿಂತು ದುರ್ಬೀನು ಎತ್ತಿದಾಗ ಕಾರೊಂದು ನಿಧಾನಿಸಿತು. "ದಾರಿ ತಪ್ಪಿತೇ?" ಎಂಬ ಸೌಜನ್ಯದ ಪ್ರಶ್ನೆ. ಮೂವತ್ತು ಹೆಜ್ಜೆ ಮುಂದೆ ದುರ್ಬೀನು ಹಿಡಿದೇ ನಿಂತಿದ್ದ ಬಿಳಿಯ ದಂಪತಿಯನ್ನು ಆ ಕಾರು ಏನೂ ಕೇಳದೆ ದಾಟಿತು. ನನ್ನನ್ನು ಕಾಡಿದ್ದು ಆ ಪ್ರಶ್ನೆಯಲ್ಲ. ಉತ್ತರ ಕೊಡುವ ಮೊದಲೇ ನಾನು ದುರ್ಬೀನನ್ನು ಚೀಲದೊಳಗೆ ಇಳಿಸಿಬಿಟ್ಟಿದ್ದೆ. ಕೊಕ್ಕರೆ ಬೆಳ್ಳೂರಿನ ಹುಣಸೆಮರಗಳಲ್ಲಿ ಗೂಡುಕಟ್ಟಿದ ಹೆಜ್ಜಾರ್ಲೆಗಳನ್ನು ಊರ ಬೀದಿಯಲ್ಲೇ ನಿಂತು ನೋಡಿದವಳು ನಾನು.

2000ನೇ ಇಸವಿಯ ಕಾಯಿದೆ ನೀಡಿದ ಮುಕ್ತ ಅಲೆದಾಟದ ಹಕ್ಕು ಇಂಗ್ಲೆಂಡಿನ ಸುಮಾರು ಶೇ. 8ರಷ್ಟು ನೆಲಕ್ಕೆ ಮಾತ್ರ ಅನ್ವಯಿಸುತ್ತದೆ. ಅದರಲ್ಲಿ ಬಹುಪಾಲು ನಗರಗಳಿಗೆ ದೂರದ ಬೆಟ್ಟ, ಬಯಲು. ಸ್ಕಾಟ್ಲೆಂಡ್ 2003ರಲ್ಲೇ ಇದಕ್ಕಿಂತ ಬಹಳ ಉದಾರವಾದ ಕಾನೂನು ಮಾಡಿಕೊಂಡಿತು. ಇದೇ ಡೌನ್‌ನಲ್ಲಿ ನಾಲ್ಕು ದಶಕ ಬಾಳಿದ ಡಾರ್ವಿನ್ ದಿನವೂ ಯೋಚಿಸುತ್ತ ನಡೆದ 'ಸ್ಯಾಂಡ್‌ವಾಕ್' ಕೂಡ ಮೊದಮೊದಲು ನೆರೆಯ ಜಮೀನುದಾರ ಲುಬ್ಬಾಕ್ ಕುಟುಂಬದಿಂದ ಬಾಡಿಗೆಗೆ ಪಡೆದ ತುಂಡುನೆಲ. ಅವರಿಗೆ ಬಾಡಿಗೆ ಕೊಡುವ ಅನುಕೂಲವಿತ್ತು. 1932ರಲ್ಲಿ ಕಿಂಡರ್ ಸ್ಕೌಟ್ ಬೆಟ್ಟವನ್ನು ಅನುಮತಿಯಿಲ್ಲದೆ ಹತ್ತಿದ ಯುವ ಕಾರ್ಮಿಕರಲ್ಲಿ ಐವರು ಜೈಲು ಸೇರಿದರು.

ಇದಕ್ಕೆ ಐದು ವರ್ಷ ಮೊದಲು, 1927ರಲ್ಲಿ, ಅಂಬೇಡ್ಕರ್ ಮಹಾಡದ ಚವದಾರ್ ಕೆರೆಯ ನೀರು ಕುಡಿದಿದ್ದರು. ಎರಡೂ ಒಂದೇ ಎನ್ನಲಾರೆ. ಜಾತಿಯ ಬೇಲಿಗೆ ಮುಳ್ಳು ಬೇರೆ. ಆದರೆ ಊರಿನ ಕೆರೆ, ಗೋಮಾಳಗಳು 'ಎಲ್ಲರವೂ' ಆಗಿದ್ದವೆಂಬ ಹಂಬಲವನ್ನು ಹೊತ್ತು ಇಲ್ಲಿಗೆ ಬಂದ ನಾವು, ಯಾರನ್ನು ಬಿಟ್ಟು 'ಎಲ್ಲರ' ಎನ್ನುತ್ತಿದ್ದೆವೆಂಬುದನ್ನೂ ನೆನೆಯಬೇಕು.

ಥೇಮ್ಸ್ ದಡದ ಬಸವಣ್ಣನ ಪ್ರತಿಮೆಯೆದುರು ನಾವು ತಪ್ಪದೆ ಫೋಟೊ ತೆಗೆಸಿಕೊಳ್ಳುತ್ತೇವೆ. ಹಳ್ಳಿಗಾಡು ಮಾತ್ರ 'ಅವರದು' ಎಂದು ಬಿಟ್ಟುಕೊಟ್ಟಿದ್ದೇವೆ. ಇಲ್ಲಿನ 1980ರ ಹೆದ್ದಾರಿ ಕಾಯಿದೆಯ ಪ್ರಕಾರ, ಜನರು 20 ವರ್ಷ ಅಡೆತಡೆಯಿಲ್ಲದೆ, ಯಾರ ಅನುಮತಿಯನ್ನೂ ಕೇಳದೆ ನಡೆದ ದಾರಿ ಸಾರ್ವಜನಿಕ ಹಕ್ಕಿನ ದಾರಿಯಾಗಬಹುದು. ನಡೆದವರ ಹೇಳಿಕೆಗಳೇ ಅದಕ್ಕೆ ಸಾಕ್ಷ್ಯ. ಅಂಥ ಹೇಳಿಕೆಗಳಲ್ಲಿ ನಮ್ಮ ಹೆಸರುಗಳೂ ಇರಬೇಕಾದರೆ ನಾವು ಮೊದಲು ಹೊರಗೆ ಹೋಗಬೇಕು, ನಮ್ಮ ಮಕ್ಕಳನ್ನೂ ಕರೆದುಕೊಂಡು.

ಫೆಬ್ರವರಿಯಲ್ಲಿ ಅದೇ ತಿರುವಿಗೆ ಮತ್ತೆ ಹೋಗುತ್ತೇನೆ. ವಸಂತ ಬಂದರೆ ರೆಡ್‌ವಿಂಗ್‌ಗಳು ಉತ್ತರಕ್ಕೆ ಹೊರಟುಬಿಡುತ್ತವೆ.